ದನಿ ಯಾರದು?

ಮೊನ್ನೆ ಬೇಸಿಗೆಯ ರಜೆಯಲ್ಲಿ ಬಬ್ಬೂರಿಗೆ ಬಂದಿದ್ದ ಮೊಮ್ಮಗ ಅಟ್ಟದ ಮೇಲಿಂದ ಒಂದು ತಗಡಿನ ಪೆಟ್ಟಿಗೆಯನ್ನು ಇಳಿಸಿಕೊಂಡು ಬಂದ. ಅದರ ತುಂಬ ನನ್ನ ಹಳೆಯ ಕ್ಯಾಸೆಟ್ಟುಗಳು. ಮೂಲೆ ಸೇರಿದ್ದ ಟೇಪ್ ರೆಕಾರ್ಡರಿನ ಧೂಳು ಒರೆಸಿ, ಹತ್ತಿಗೆ ಸ್ಪಿರಿಟ್ ತಾಗಿಸಿ ಅದರ ಹೆಡ್ಡನ್ನು ಶುಚಿಗೊಳಿಸಿ, ಕೈಗೆ ಸಿಕ್ಕಿದ ಒಂದು ಕ್ಯಾಸೆಟ್ಟನ್ನು ಹಾಕಿದೆ. ಅರವತ್ತರ ದಶಕದ ಒಂದು ಕನ್ನಡ ಚಿತ್ರಗೀತೆ ಮೊದಲಾಯಿತು. ಪಲ್ಲವಿ ಮುಗಿಯುವಷ್ಟರಲ್ಲಿ ಹುಡುಗ ತನ್ನ ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದ. ಹಾಡನ್ನು ಕೇಳಿಸಿದರೆ ಹಾಡಿದವರ ಹೆಸರನ್ನು ಹೇಳಿಬಿಡುವ ಒಂದು ತಂತ್ರಾಂಶ ಅದರಲ್ಲಿದೆಯಂತೆ. ಮೊಬೈಲು ಸ್ವಲ್ಪ ಹೊತ್ತು ಕಿವಿಗೊಟ್ಟಿತು. ಮತ್ತೊಮ್ಮೆ ಹಿಡಿದ, ಮತ್ತೊಮ್ಮೆ ಕಿವಿಗೊಟ್ಟಿತು. ಕೊನೆಗೆ ಹುಡುಗ ತಲೆಯಾಡಿಸಿ, "ಇದು ಯಾರೂ ಅಲ್ವಂತೆ ತಾತ" ಎಂದ.

ಆ ಮಾತು ಎದೆಗೆ ನಾಟಿತು. ಆ 'ಯಾರೂ ಅಲ್ಲ'ದವನು ಯಾರೆಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಾಗಬೇಕಾದ ಹೊತ್ತಿನಲ್ಲಿ ಗೊತ್ತಾಗಲಿಲ್ಲ. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇಂದು ಕೂಡಿಬಂದಿದೆ.

ನಾನು ಹುಟ್ಟಿದ್ದು 1951ರಲ್ಲಿ, ಇದೇ ಬಬ್ಬೂರಿನಲ್ಲಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ನಾಲೆಯ ನೀರು ಹರಿಯುವ ಕಡೆಗಳಲ್ಲಿ ತೆಂಗಿನ ತೋಟ. ನೀರು ತಲುಪದ ಕಡೆ ಜೋಳ, ಶೇಂಗಾ. ನನ್ನ ಸೋದರಮಾವ ಬಬ್ಬೂರು ಫಾರಂನಲ್ಲಿ ಕೆಲಸಕ್ಕಿದ್ದರು. ನಾನು ಹೈಸ್ಕೂಲಿಗೆ ಸೇರಿದ ವರ್ಷ ಅವರು ಚರ್ಮದ ಚೀಲವಿದ್ದ ಒಂದು ಟ್ರಾನ್ಸಿಸ್ಟರನ್ನು ಕೊಂಡರು. ರೇಡಿಯೋ ಇಟ್ಟುಕೊಳ್ಳಲು ಆಗ ಪೋಸ್ಟಾಫೀಸಿನಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಮಾವ ಆ ಲೈಸೆನ್ಸ್ ಪುಸ್ತಕವನ್ನು ಜಮೀನಿನ ಪಹಣಿಯ ಜೊತೆಯಲ್ಲೇ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯ ಮೇಲೆ ಅದು ಪ್ರತಿಷ್ಠಾಪನೆಯಾಗುತ್ತಿತ್ತು. ಬೆಂಗಳೂರು ಬಾರದಿದ್ದರೆ ಭದ್ರಾವತಿ, ಅದೂ ಬಾರದಿದ್ದರೆ ವಿವಿಧಭಾರತಿ.

ಅಲ್ಲಿ ನಮ್ಮ ಆಟ ಶುರುವಾಯಿತು. ಆಟದ ಹೆಸರೇ 'ದನಿ ಯಾರದು'. ಹಾಡಿಗೆ ಮೊದಲು ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಎಂದು ಹೇಳುವುದು ವಾಡಿಕೆಯಷ್ಟೆ. ಅವರು ಬಾಯಿ ತೆರೆಯುತ್ತಲೇ ಮಾವ ಗುಂಡಿಯನ್ನು ತಿರುಗಿಸಿ ದನಿಯನ್ನು ತೀರ ಇಳಿಸಿಬಿಡುವರು. ನನ್ನ ಅಕ್ಕ ಮಾತ್ರ ಪೆಟ್ಟಿಗೆಗೆ ಕಿವಿ ಒತ್ತಿ ಆ ಹೆಸರುಗಳನ್ನು ಕೇಳಿಸಿಕೊಂಡು ಗುಟ್ಟಾಗಿ ಇಟ್ಟುಕೊಳ್ಳಬೇಕು. ಅವಳೇ ತೀರ್ಪುಗಾರ್ತಿ. ಹಾಡು ಮೊದಲಾದ ಮೇಲೆ ದನಿ ಏರಿಸಿ, ನಾವು ಹುಡುಗರು ಒಬ್ಬೊಬ್ಬರಾಗಿ ಹಾಡಿದವರ ಹೆಸರು ಹೇಳಬೇಕು. ಗೆದ್ದವನಿಗೆ ಒಂದು ಹಿಡಿ ಹುರಿದ ಶೇಂಗಾ. ಸೋತವನಿಗೆ ಮರುದಿನ ಎಮ್ಮೆಗೆ ನೀರು ಕುಡಿಸುವ ಕೆಲಸ. ಅಕ್ಕನಿಗೆ ಊಹಿಸುವ ಸರದಿ ಎಂದೂ ಬರಲಿಲ್ಲ. ಅವಳಿಗೂ ಆಡಬೇಕೆನಿಸಬಹುದು ಎಂಬುದು ಆಗ ನಮಗೆ ಹೊಳೆಯಲೂ ಇಲ್ಲ.

ಎಲ್ಲರಿಗೂ ಗೊತ್ತಿದ್ದ ಹಾಡುಗಳಲ್ಲಿ ಆಟಕ್ಕೆ ರುಚಿಯಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ದನಿ ಯಾರಿಗೆ ತಿಳಿಯದು? ರುಚಿ ಇದ್ದದ್ದು ಅಪರೂಪದ ರೂಪಗಳಲ್ಲಿ: ಒಂದೇ ಹಾಡು ಎರಡು ಕಂಠಗಳಲ್ಲಿ ಬಂದಾಗ, ಒಂದೇ ಮಟ್ಟು ಎರಡು ಭಾಷೆಗಳಲ್ಲಿ ಬಂದಾಗ, ಪರಿಚಿತ ನಾಯಕನ ಬಾಯಿಂದ ಅಪರಿಚಿತ ದನಿ ಹೊರಟಾಗ. 1965ರ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ಸ್ಮಶಾನದ ವೀರಬಾಹು ಹಾಡುವ ಹಾಡನ್ನು ನೆನೆಯಿರಿ. ಚಿತ್ರದಲ್ಲಿ ರಾಜಕುಮಾರ್ ಇದ್ದಾರೆ ಎಂಬುದನ್ನೇ ಹಿಡಿದು ನಾನು "ಪಿ.ಬಿ.ಎಸ್." ಎಂದೆ. ಅದು ಘಂಟಸಾಲ ಅವರ ಹಾಡು. ಮರುದಿನ ಎಮ್ಮೆಗೆ ನೀರು ಕುಡಿಸಿದೆ. 1964ರ 'ಅಮರಶಿಲ್ಪಿ ಜಕಣಾಚಾರಿ' ತೆಲುಗಿನಲ್ಲಿಯೂ ತಯಾರಾದ ಚಿತ್ರ, ಎರಡಕ್ಕೂ ಎಸ್. ರಾಜೇಶ್ವರರಾವ್ ಅವರದೇ ಸಂಗೀತ. ಆಂಧ್ರದ ಗಡಿ ನಮಗೇನು ದೂರವಲ್ಲ. ಮಡಕಶಿರದ ಕಡೆಯ ನೆಂಟರ ಮದುವೆಯಲ್ಲಿ ಧ್ವನಿವರ್ಧಕದಿಂದ ನಮ್ಮ ಹಾಡಿನ ಮಟ್ಟು ತೆಲುಗಿನ ಮಾತುಗಳನ್ನು ಹೊದ್ದು ಬಂದಾಗ, ಊಟದ ಎಲೆಯ ಮುಂದೆ ಕುಳಿತಿದ್ದ ಮಾವ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು, "ಹೇಳ್ರೋ, ದನಿ ಯಾರ್ದು?" ಎಂದು ಕಣ್ಣು ಮಿಟುಕಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

1966ರಲ್ಲಿ 'ಸಂಧ್ಯಾರಾಗ' ಬಂತು. ಅನಕೃ ಅವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಭೀಮಸೇನ ಜೋಶಿಯವರೂ ಬಾಲಮುರಳೀಕೃಷ್ಣ ಅವರೂ ಹಾಡಿದ್ದಾರೆ. ನಾದದೇವತೆಯನ್ನು ನೆನೆಯುವ ಅದರ ಪ್ರಸಿದ್ಧ ಗೀತೆ ಆ ಚಿತ್ರದಲ್ಲಿಯೇ ಬೇರೆ ಬೇರೆ ಕಂಠಗಳಲ್ಲಿ ಬರುತ್ತದೆ. ಜೋಶಿಯವರದು ಎಲ್ಲರ ಕಿವಿಯಲ್ಲಿ ಉಳಿಯಿತು. ಉಳಿದವನ್ನು ನೆನಪಿಟ್ಟುಕೊಂಡವರು ಕಡಿಮೆ. ಮಾವನಿಗೆ ಅದು ಹಬ್ಬವಾಯಿತು. ಒಂದೇ ಸಾಹಿತ್ಯ ಒಬ್ಬರ ಕೊರಳಲ್ಲಿ ಬೆಟ್ಟ ಹತ್ತುತ್ತದೆ, ಇನ್ನೊಬ್ಬರ ಕೊರಳಲ್ಲಿ ಹೊಳೆಯಾಗಿ ಇಳಿಯುತ್ತದೆ ಎಂದು ಅವರು ಹೇಳುತ್ತಿದ್ದರು. ಅವರು ಓದಿದ್ದು ಲೋಯರ್ ಸೆಕೆಂಡರಿ. ಆದರೆ ಪಾಠಾಂತರವೆಂದರೇನು ಎಂಬುದನ್ನು ನಾನು ಮುಂದೆ ಪಂಪನನ್ನು ಓದುವಾಗ ಕಲಿಯುವುದಕ್ಕೆ ಮೊದಲೇ ಅವರಿಂದ ಕಲಿತಿದ್ದೆ.

ನಮ್ಮ ಆಟಕ್ಕೆ 1967 ಸುಗ್ಗಿಯ ವರ್ಷ. 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ ಲತಾ ಮಂಗೇಶ್ಕರ್ ಕನ್ನಡದಲ್ಲಿ ಹಾಡಿದರು. 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಮಹಮ್ಮದ್ ರಫಿ ಹಾಡಿದರು. 'ನಕ್ಕರೆ ಅದೇ ಸ್ವರ್ಗ' ಚಿತ್ರದಲ್ಲಿ ಎಂ. ರಂಗರಾವ್ ಅವರ ಸಂಗೀತದಲ್ಲಿ ಒಬ್ಬ ಹೊಸ ಹುಡುಗ ಪಿ. ಸುಶೀಲ ಅವರ ಜೊತೆ ಯುಗಳಗೀತೆ ಹಾಡಿದ. ಲತಾ ಅವರನ್ನು ಅಕ್ಕ ಹೇಳುವ ಮುನ್ನವೇ ನಾವೆಲ್ಲ ಗುರುತಿಸಿದೆವು. ರಫಿ ಸ್ವಲ್ಪ ಕಷ್ಟವಾದರು. ಕನ್ನಡದ ಪದಗಳನ್ನು ಅವರು ಬಹಳ ಜೋಪಾನವಾಗಿ, ಕೈಯಲ್ಲಿ ಮೊಟ್ಟೆ ಹಿಡಿದವರಂತೆ ಒಯ್ಯುತ್ತಿದ್ದಾರೆ ಎಂಬುದರಿಂದ ಮಾವ ಹಿಡಿದುಬಿಟ್ಟರು. ಆ ಹೊಸ ಹುಡುಗನನ್ನು ಮಾತ್ರ ನಮ್ಮಲ್ಲಿ ಯಾರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಆ ಹೆಸರನ್ನೇ ನಾವು ಕೇಳಿರಲಿಲ್ಲ. ಅಕ್ಕ ಗುಟ್ಟನ್ನು ಬಿಚ್ಚಿದಾಗ, "ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಂತೆ. ಅದ್ಯಾರೋ!" ಎಂದಳು. ಕನ್ನಡದಲ್ಲಿ ಅವರ ಮೊದಲ ಹಾಡು ಅದು. ಮುಂದೆ ಐದು ದಶಕಗಳ ಕಾಲ ಆ ಹೆಸರನ್ನು ಯಾರಿಗೂ ಪರಿಚಯಿಸಬೇಕಾಗಲಿಲ್ಲ. 2020ರಲ್ಲಿ ಅವರು ತೀರಿಕೊಂಡ ದಿನ ನನಗೆ ಮೊದಲು ನೆನಪಾದದ್ದು ಅಕ್ಕನ ಆ 'ಅದ್ಯಾರೋ'. ಪ್ರತಿಯೊಬ್ಬ ಹಾಡುಗಾರನೂ ಒಂದು ದಿನ ಯಾರದೋ ಜಗುಲಿಯಲ್ಲಿ 'ಅದ್ಯಾರೋ' ಆಗಿಯೇ ಇರುತ್ತಾನೆ.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಅರವತ್ತರ ದಶಕದ ಕನ್ನಡ ಚಿತ್ರಗೀತೆಗೆ ದನಿ ಕೊಟ್ಟವರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ತೆಲುಗು ನಾಡಿನಲ್ಲಿ. ಪಿ.ಬಿ.ಎಸ್. ಕಾಕಿನಾಡದವರು, ಸುಶೀಲ ವಿಜಯನಗರಂನವರು, ಜಾನಕಿ ಗುಂಟೂರು ಜಿಲ್ಲೆಯವರು, ಎಸ್.ಪಿ.ಬಿ. ನೆಲ್ಲೂರಿನ ಕಡೆಯವರು. ಆದರೂ 'ಗೌರಿ' ಚಿತ್ರದಲ್ಲಿ ಕುವೆಂಪು ಮತ್ತು ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು, 'ಬೆಳ್ಳಿಮೋಡ'ದಲ್ಲಿ ಬೇಂದ್ರೆಯವರ ಕವಿತೆಯನ್ನು ನಮ್ಮ ಹಳ್ಳಿಯ ಅನಕ್ಷರಸ್ಥರ ನಾಲಗೆಗೆ ತಂದುಕೊಟ್ಟದ್ದು ಇಂಥ ದನಿಗಳೇ. ಕನ್ನಡ ಮೇಷ್ಟ್ರಾಗಿ ನಾನು ಮೂರೂವರೆ ದಶಕ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿದ್ದೇನೆ. ಪಿ.ಬಿ.ಎಸ್. ಅವರ ಉಚ್ಚಾರಣೆಯಷ್ಟು ಶುದ್ಧವಾದದ್ದನ್ನು ಯಾವ ತರಗತಿಯಲ್ಲಿಯೂ ಕೇಳಲಿಲ್ಲ.

ಅವರ ದನಿಗೂ ಒಂದು ವಿಧಿಯಿತ್ತು. ಪರದೆಯ ಮೇಲೆ ತುಟಿ ಆಡಿಸುತ್ತಿದ್ದವರು ರಾಜಕುಮಾರ್. ಹಿರಿಯೂರಿನ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಸಿನಿಮಾ ನೋಡುತ್ತಿದ್ದ ನಮ್ಮ ಅಜ್ಜಿಗೆ ಆ ಹಾಡುಗಳೆಲ್ಲ ರಾಜಕುಮಾರರವೇ. ಬೇರೆ ಯಾರೋ ಹಾಡುತ್ತಾರೆ ಎಂದರೆ, "ಹಂಗಾರೆ ಅವರ ಬಾಯಿ ಯಾಕೆ ಆಡುತ್ತೆ?" ಎಂದು ನಮ್ಮನ್ನೇ ಬೈಯುತ್ತಿದ್ದರು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದಾಗ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ಪಿ.ಬಿ.ಎಸ್. ಬದಲಿಗೆ ರಾಜಕುಮಾರರೇ ಹಾಡಿದರು. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಹಾಡು ಮುಗಿಯಿತು. ಅಜ್ಜಿ ನನ್ನ ಕಡೆ ಬಾಗಿ, "ರಾಜಕುಮಾರನ ದನಿ ಯಾಕೋ ಕೆಟ್ಟೈತಲ್ಲೋ ಮಗ, ನೆಗಡಿಯಾಗಿರಬೇಕು" ಎಂದರು. ಅವರ ನಿಜವಾದ ದನಿಯನ್ನು ಮೊದಲ ಬಾರಿಗೆ ಕೇಳಿದಾಗ ಅಜ್ಜಿಗೆ ಅದು ಅವರದಲ್ಲವೆನಿಸಿತು! ನಾನು ಬಹಳ ದಿನ ಇದನ್ನು ನಗೆಹನಿಯಂತೆ ಹೇಳಿಕೊಂಡು ತಿರುಗಿದೆ. ಅಜ್ಜಿಗಿಂತ ದೊಡ್ಡ ತಪ್ಪನ್ನು ನಾನೇ ಮಾಡಲಿದ್ದೇನೆಂದು ಆಗ ಗೊತ್ತಿರಲಿಲ್ಲ.

ಮಾವ ನನಗೆ ಹೇಳಿಕೊಟ್ಟ ಸೂತ್ರ ಒಂದೇ. "ಲೇ, ಗಂಟ್ಲು ನೋಡಬ್ಯಾಡ, ಉಸ್ರು ನೋಡು. ಗಂಟ್ಲನ್ನ ಯಾರು ಬೇಕಾದ್ರೂ ಕದೀಬೋದು, ಉಸ್ರು ಕದಿಯಾಕಾಗಲ್ಲ." ಹಾಡುಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಷ್ಟು ದೂರ ಒಯ್ಯುತ್ತಾನೆ, ಸಾಲಿನ ಕೊನೆಯ ಅಕ್ಷರವನ್ನು ಇಳಿಸುತ್ತಾನೋ ಬೀಳಿಸುತ್ತಾನೋ, ಇದರಲ್ಲೇ ಅವನ ಗುರುತು ಇರುತ್ತದೆ ಎಂಬುದು ಅದರ ತಾತ್ಪರ್ಯ. ಈ ಸೂತ್ರವನ್ನು ನಾನು ತರಗತಿಗೂ ಒಯ್ದೆ. ನಿಮಗೆಲ್ಲ ನೆನಪಿರಬಹುದು, ಹಾಜರಿ ಕರೆಯುವಾಗ ನಾನು ತಲೆ ಎತ್ತುತ್ತಿರಲಿಲ್ಲ. 'ಎಸ್ ಸಾರ್' ಎಂಬ ಎರಡು ಪದಗಳಲ್ಲಿಯೇ ಅದು ನಿಜವಾದವನ ದನಿಯೋ, ಗೈರುಹಾಜರಾದವನ ಪರವಾಗಿ ಗೆಳೆಯನು ಕೂಗಿದ್ದೋ ಎಂದು ಹೇಳಿಬಿಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ. ಅರವತ್ತು ಮಕ್ಕಳ ಅರವತ್ತು ದನಿಗಳು ನನಗೆ ಗೊತ್ತು ಎಂಬ ಹೆಮ್ಮೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಆ ಅರವತ್ತರಲ್ಲಿ ಒಬ್ಬ ಹುಡುಗನಿದ್ದ. ಹೆಸರು ಹೇಳುವುದಿಲ್ಲ, ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಪದ್ಯ ಓದಲು ಎಬ್ಬಿಸಿದರೆ ಹಾಡಿಯೇ ಬಿಡುವ ಹುಡುಗ. ಹಾಜರಿಗೆ ಕೂಗುವ ಮೊದಲು ಸಣ್ಣದೊಂದು ಉಸಿರನ್ನು ಒಳಕ್ಕೆ ಎಳೆದುಕೊಳ್ಳುವ ಅಭ್ಯಾಸ ಅವನಿಗೆ. ಗಣಪತಿ ಕೂರಿಸಿದಾಗ ನಮ್ಮ ಬೀದಿಯಲ್ಲಿ ಅವನ ಹಾಡು ತಪ್ಪುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು ಚಿತ್ರದುರ್ಗ, ದಾವಣಗೆರೆಯ ಕಡೆ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತಾನೆಂದು ಕೇಳಿದ್ದೆ.

ಅಷ್ಟರಲ್ಲಿ ಕ್ಯಾಸೆಟ್ಟುಗಳ ಕಾಲ ಬಂದಿತ್ತು. ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಬತ್ತಾಸು ಬೆಂಡಿನ ಅಂಗಡಿಗಳ ಸಾಲಿನಲ್ಲೇ ಕ್ಯಾಸೆಟ್ಟಿನ ಅಂಗಡಿಗಳೂ ತಲೆ ಎತ್ತಿದವು. ಹಳೆಯ ಚಿತ್ರಗೀತೆಗಳ ಮೂಲ ಧ್ವನಿಮುದ್ರಣದ ಹಕ್ಕು ಹಳೆಯ ದೊಡ್ಡ ಕಂಪನಿಗಳ ಬಳಿ ಇತ್ತು. ಹೊಸದಾಗಿ ವ್ಯಾಪಾರಕ್ಕಿಳಿದವರಿಗೆ ಆ ಹಾಡುಗಳು ಬೇಕು, ಆದರೆ ಆ ಮುದ್ರಣ ಸಿಗದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಒಂದು ದಾರಿ ಇತ್ತು: ಒಮ್ಮೆ ಧ್ವನಿಮುದ್ರಿತವಾದ ಹಾಡನ್ನು, ಹಕ್ಕುದಾರರಿಗೆ ತಿಳಿಸಿ, ಗೌರವಧನ ಕಟ್ಟಿ, ಬೇರೆಯವರಿಂದ ಹೊಸದಾಗಿ ಹಾಡಿಸಿ ಮಾರಬಹುದು. ಇದಕ್ಕೆ 'ವರ್ಷನ್' ಎಂದು ಹೆಸರು. ಹಿಂದಿಯಲ್ಲಿ ಎಂಬತ್ತರ ದಶಕದಲ್ಲಿ ಟಿ-ಸೀರೀಸ್‌ನಂಥ ಸಂಸ್ಥೆಗಳು ಇಂಥ ಕ್ಯಾಸೆಟ್ಟುಗಳನ್ನು ದೇಶದ ತುಂಬ ಹರಡಿದವು. ತೊಂಬತ್ತರ ದಶಕದಲ್ಲಿ ರಫಿಯವರ ಹಾಡುಗಳನ್ನು ಹೀಗೆ ಹಾಡಿದ ಸೋನು ನಿಗಮ್ ಮುಂದೆ ತಾವೇ ದೊಡ್ಡ ಹೆಸರಾದರು. 2006ರ 'ಮುಂಗಾರು ಮಳೆ'ಯ ಮೂಲಕ ನಮ್ಮ ಮಕ್ಕಳಿಗೂ ಬೇಕಾದವರಾದರು. ಆದರೆ ಹೆಸರು ಸಿಕ್ಕ ಒಬ್ಬರ ಹಿಂದೆ ಹೆಸರು ಸಿಗದವರು ಎಷ್ಟು ಮಂದಿಯೋ! ಜಾತ್ರೆಯಲ್ಲಿ ನಾನು ಕೊಂಡ ಎಷ್ಟೋ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ನಾಯಕನಟರ ಚಿತ್ರ ಇರುತ್ತಿತ್ತು, ಚಿತ್ರಗಳ ಹೆಸರು ಇರುತ್ತಿತ್ತು, ಬೆಲೆ ಇರುತ್ತಿತ್ತು. ಹಾಡಿದವರ ಹೆಸರು ಇರುತ್ತಿರಲಿಲ್ಲ. ಮನೆಗೆ ಬಂದು ಹಾಕಿದ ಮೇಲೆ, ಪಿ.ಬಿ.ಎಸ್. ಎಂದುಕೊಂಡು ತಂದದ್ದು ಇನ್ನಾರೋ ಆಗಿರುತ್ತಿತ್ತು. ನನಗೆ ಕೋಪ ಬರುತ್ತಿತ್ತು. ಆ ಕೋಪ ಮಾರಿದವನ ಮೇಲೆ ಬರಬೇಕಿತ್ತು. ಹಾಡಿದವನ ಮೇಲೆ ಬರುತ್ತಿತ್ತು.

1986ರ ದಸರಾ ರಜೆ. ಒಂದು ಮಧ್ಯಾಹ್ನ ಆ ಹುಡುಗ ಮನೆಗೆ ಬಂದ. ಹುಡುಗ ಎಂದರೆ, ಆಗಲೇ ಮೀಸೆ ಬಂದ ಯುವಕ. ಕಾಲಿಗೆ ನಮಸ್ಕರಿಸಿ, ಜೇಬಿನಿಂದ ಒಂದು ಕ್ಯಾಸೆಟ್ಟನ್ನು ತೆಗೆದು, "ಸಾರ್, ಇದನ್ನ ಹಾಕಿ. ಹಾಡಿದ್ದು ಯಾರು ಅಂತ ನೀವೇ ಹೇಳಬೇಕು" ಎಂದ. ನನ್ನ ಆಟದ ಖ್ಯಾತಿ ಅವನಿಗೆ ಗೊತ್ತಿತ್ತಲ್ಲ! ನನ್ನ ಹೆಂಡತಿ ಕಾಫಿ ತಂದಿಟ್ಟಳು. ನಾನು ಕಣ್ಣು ಮುಚ್ಚಿ ಕುಳಿತೆ.

ಪಿ.ಬಿ.ಎಸ್. ಅವರ ಅರವತ್ತರ ದಶಕದ ಹಾಡುಗಳು. ಹಾಡಿದವರು ಪಿ.ಬಿ.ಎಸ್. ಅಲ್ಲ. ಅಷ್ಟನ್ನು ಮೊದಲ ಸಾಲಿನಲ್ಲೇ ಹೇಳಿದೆ. "ಸರಿ ಸಾರ್" ಎಂದ. ಎರಡನೆಯ ಹಾಡಿಗೆ ಬೆಂಗಳೂರಿನ ಒಬ್ಬ ಆರ್ಕೆಸ್ಟ್ರಾ ಗಾಯಕರ ಹೆಸರು ಹೇಳಿದೆ. "ಅಲ್ಲ ಸಾರ್." ಮೂರನೆಯದಕ್ಕೆ ಇನ್ನೊಬ್ಬರ ಹೆಸರು ಹೇಳಿದೆ. "ಅಲ್ಲ ಸಾರ್." ಅವನ ಮುಖದಲ್ಲಿ ಒಂದು ನಗು ಅರಳುತ್ತಿತ್ತು. ಇಪ್ಪತ್ತು ವರ್ಷಗಳಿಂದ ಈ ಆಟದಲ್ಲಿ ಪಳಗಿದವನು ನಾನು. ನನ್ನ ಶಿಷ್ಯನ ಎದುರಿಗೇ ಸೋಲುವುದೇ? ಆ ಕಸಿವಿಸಿಯಲ್ಲಿ ನನ್ನ ನಾಲಗೆ ಹರಿಯಿತು. "ಯಾರಾದರೇನು ಬಿಡಪ್ಪ. ಹೆಸರು ತಿಳಿದುಕೊಳ್ಳುವಂಥ ಹಾಡುಗಾರಿಕೆಯೇ ಅಲ್ಲ ಇದು. ಮಂದ್ರಕ್ಕೆ ಹೋದರೆ ದನಿಯೇ ಇಲ್ಲ. ಅರ್ಧ ಸಾಲಿಗೇ ಉಸಿರು ಕಟ್ಟುತ್ತದೆ. ಮಹಾಪ್ರಾಣಗಳು ಅಷ್ಟಕ್ಕಷ್ಟೆ. ಇವನಿಗೆ ಕನ್ನಡ ಕಲಿಸಿದ ಮೇಷ್ಟ್ರು ಯಾರೋ ಪುಣ್ಯಾತ್ಮ!"

ಅವನು ನಕ್ಕ. "ಹೌದು ಸಾರ್" ಎಂದ. ಸ್ವಲ್ಪ ಹೊತ್ತು ಕುಳಿತಿದ್ದು, ಬಸ್ಸಿಗೆ ಹೊತ್ತಾಯಿತೆಂದು ಎದ್ದ. "ಕ್ಯಾಸೆಟ್ ಇಲ್ಲೇ ಇರಲಿ ಸಾರ್" ಎಂದು ಹೇಳಿ ಹೊರಟುಹೋದ.

ಲೋಟವನ್ನು ಎತ್ತಲು ಬಂದ ಹೆಂಡತಿ, "ಪಾ‌ಪ, ಅರ್ಧ ಕಾಫಿ ಹಾಗೇ ಬಿಟ್ಟಿದಾನೆ" ಎಂದಳು. ಆಮೇಲೆ, "ಅದು ಆ ಹುಡುಗಂದೇ ದನಿ ಅಲ್ವೇನ್ರೀ?" ಎಂದಳು. "ನಿನಗೇನು ಗೊತ್ತು ಸುಮ್ಮನಿರು, ನನ್ನ ಶಿಷ್ಯನ ದನಿ ನನಗೆ ಗೊತ್ತಾಗುವುದಿಲ್ಲವೇ?" ಎಂದೆ. ಜಗುಲಿಯಲ್ಲಿ ಅಕ್ಕನಿಗೆ ಸರದಿ ಕೊಡದ ಹುಡುಗನೇ ನಡುವಯಸ್ಸಿನವನಾಗಿ ಮಾತನಾಡಿದ್ದು ಅದು. ಕ್ಯಾಸೆಟ್ಟು ಪೆಟ್ಟಿಗೆ ಸೇರಿತು. ಅವನು ಮತ್ತೆ ಮನೆಗೆ ಬರಲಿಲ್ಲ.

2011ರಲ್ಲಿ ನಾನು ನಿವೃತ್ತನಾದಾಗ ನೀವೆಲ್ಲ ಸೇರಿ ಒಂದು ಸಮಾರಂಭ ಮಾಡಿದಿರಿ. ಅಂದು ಧ್ವನಿವರ್ಧಕದ ವ್ಯವಸ್ಥೆ ಮಾಡಿದ್ದವನೂ ನನ್ನ ಹಳೆಯ ವಿದ್ಯಾರ್ಥಿಯೇ. ಊಟದ ಹೊತ್ತಿನಲ್ಲಿ ಹಳೆಯ ಹಾಡುಗಳ ಮಾತು ಬಂದಾಗ ಅವನು ಆ ಹುಡುಗನ ಹೆಸರನ್ನೆತ್ತಿ, "ಅವನು ಒಂದು ಕ್ಯಾಸೆಟ್ಟಲ್ಲಿ ಹಾಡಿದ್ದನಲ್ಲ ಸಾರ್, ನಿಮಗೆ ತೋರಿಸ್ತೀನಿ ಅಂತ ಮೊದಲು ಬಬ್ಬೂರಿಗೇ ಬಂದಿದ್ದನಂತೆ" ಎಂದ. ನನ್ನ ಎಲೆಯಲ್ಲಿದ್ದ ಊಟ ಮುಂದೆ ಸೇರಲಿಲ್ಲ. ಅಂದು ಕೊರಳಿಗೆ ಬಿದ್ದ ಹಾರಗಳ ಭಾರವನ್ನು ನಾನು ಇಂದಿಗೂ ಮರೆತಿಲ್ಲ.

ಮನೆಗೆ ಬಂದು ಆ ಕ್ಯಾಸೆಟ್ಟನ್ನು ಮತ್ತೆ ಹಾಕಿದೆ. ಈ ಸಲ ಮಾವನ ಸೂತ್ರದಂತೆ ಕೇಳಿದೆ. ಪ್ರತಿ ಪಲ್ಲವಿಗೂ ಮೊದಲು, ಅಗೋ, ಆ ಸಣ್ಣ ಉಸಿರು. ಹಾಜರಿಯ ಹೊತ್ತಿನ ಅದೇ ಉಸಿರು. ಅದು ಯಾವಾಗಲೂ ಅಲ್ಲಿಯೇ ಇತ್ತು. ಅವನು ಹಾಡುವುದಕ್ಕೆ ಮೊದಲೇ ತನ್ನ ಹೆಸರನ್ನು ನನಗೆ ಹೇಳುತ್ತಿದ್ದ. ನಾನು ಪಿ.ಬಿ.ಎಸ್. ಅವರಲ್ಲಿ ಇದ್ದದ್ದು ಇವನಲ್ಲಿ ಏನಿಲ್ಲ ಎಂಬುದನ್ನು ಮಾತ್ರ ಎಣಿಸುತ್ತಿದ್ದೆ. ಇಲ್ಲದ್ದನ್ನು ಕೇಳುತ್ತ ಕುಳಿತವನಿಗೆ ಇದ್ದದ್ದು ಕೇಳಿಸೀತು ಹೇಗೆ?

ಆದರೂ ಅವನನ್ನು ಕಾಣಲು ನನಗೆ ಎರಡು ವರ್ಷ ಧೈರ್ಯ ಬರಲಿಲ್ಲ. 2013ರ ಏಪ್ರಿಲ್ 14ರಂದು ಪಿ.ಬಿ. ಶ್ರೀನಿವಾಸ್ ಚೆನ್ನೈನಲ್ಲಿ ತೀರಿಕೊಂಡರು. ಟಿ.ವಿ.ಯಲ್ಲಿ ದಿನವಿಡೀ ಅವರ ಹಾಡುಗಳು. ಅದನ್ನೇ ನೆಪ ಮಾಡಿಕೊಂಡು ಮರುದಿನ ಚಳ್ಳಕೆರೆಯ ಬಸ್ಸು ಹತ್ತಿದೆ. ಅಲ್ಲಿ ಅವನದು ಬೋರ್‌ವೆಲ್ ಮೋಟಾರುಗಳ ವೈಂಡಿಂಗ್ ಅಂಗಡಿ. ಮೋಟಾರನ್ನು ಚಾಲೂ ಮಾಡಿ, ಅದರ ಸದ್ದಿಗೆ ತಲೆ ಓರೆ ಮಾಡಿ ಕೇಳುತ್ತ ನಿಂತಿದ್ದ. ನನ್ನನ್ನು ಕಂಡವನೇ ಕೈ ಒರೆಸಿಕೊಂಡು ಓಡಿಬಂದ. "ಹೋಗಿಬಿಟ್ರಲ್ಲ ಸಾರ್" ಎಂದ. ಯಾರೆಂದು ಇಬ್ಬರಿಗೂ ಕೇಳಬೇಕಾಗಿರಲಿಲ್ಲ.

ನಾನು ಬಂದ ಕಾರಣವನ್ನು ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. ಅವನು ನೆಲ ನೋಡುತ್ತ ಕೇಳಿಸಿಕೊಂಡ. "ಬಿಡಿ ಸಾರ್, ಮಂದ್ರದ ವಿಷಯ ನೀವು ಹೇಳಿದ್ದು ಸರಿ. ಬೆಂಗಳೂರಿನಲ್ಲಿ ಒಂದೇ ದಿನ ಎಂಟು ಹಾಡು ಹಾಡಿಸಿದ್ರು. ನನಗೆ ಜ್ವರ ಬೇರೆ. ಬೇಡ ಅಂದ್ರೆ ಬೇರೆಯವರನ್ನ ಕರೀತಾರೆ ಅಂತ ಹಾಡಿಬಿಟ್ಟೆ" ಎಂದ. ಎಷ್ಟು ಕೊಟ್ಟರು ಎಂದು ಕೇಳಿದೆ. "ಬಸ್ ಚಾರ್ಜು, ಊಟ, ಮೇಲೆ ಸ್ವಲ್ಪ. ಹೆಸರು ಹಾಕ್ತೀವಿ ಅಂದಿದ್ರು, ಹಾಕಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದ: "ಅದಕ್ಕೇ ನಿಮ್ಮ ಹತ್ರ ಬಂದಿದ್ದೆ ಸಾರ್. ಹೆಸರು ಇಲ್ಲದಿದ್ರೂ ನೀವು ಕಂಡುಹಿಡೀತೀರಿ ಅಂತ."

ಹಾಡುವುದನ್ನು ಬಿಟ್ಟದ್ದು ನನ್ನ ಮಾತಿನಿಂದಲೇ ಎಂದು ಕೇಳಿದೆ. "ಇಲ್ಲ ಸಾರ್, ಮದುವೆ ಆಯ್ತು, ಅಂಗಡಿ ಆಯ್ತು, ಹಾಗೇ ಬಿಟ್ಟುಹೋಯ್ತು" ಎಂದ. ಅದು ಪೂರ್ತಿ ಉತ್ತರವೋ, ಮೇಷ್ಟ್ರಿಗೆ ತೋರಿದ ದಾಕ್ಷಿಣ್ಯವೋ ನನಗೆ ತಿಳಿಯದು. ಮತ್ತೆ ಕೇಳಲಿಲ್ಲ. ಕಾಫಿ ತರಿಸಿದ. ಈ ಸಲ ಇಬ್ಬರೂ ಪೂರ್ತಿ ಕುಡಿದೆವು.

2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಒಂದು ಹಾಡಿನ ವರ್ಷನ್ ಮಾಡಬೇಕಾದರೆ ಮೊದಲ ಮುದ್ರಣ ಬಂದ ಮೇಲೆ 5 ವರ್ಷ ಕಾಯಬೇಕು. ಹೊದಿಕೆಯ ಮೇಲೆ ಹಿಂದಿನ ಮುದ್ರಣದ ಕಲಾವಿದರ ಹೆಸರನ್ನಾಗಲಿ ಚಿತ್ರವನ್ನಾಗಲಿ ಹಾಕುವಂತಿಲ್ಲ. ಇದು ವರ್ಷನ್ ಎಂದು ಅಲ್ಲಿಯೇ ತಿಳಿಸಬೇಕು. ಕೊಳ್ಳುವವರಿಗೆ ಮೋಸವಾಗಬಾರದು ಎಂಬುದು ಅದರ ಉದ್ದೇಶ, ಒಳ್ಳೆಯದೇ. ಆದರೆ ಇದನ್ನು ಓದಿದಾಗ ನನಗೆ ನೆನಪಾದದ್ದು ಬೇರೆ. ಮೂಲ ಗಾಯಕ ನಾಯಕನ ಮುಖದ ಹಿಂದೆ ನಿಂತ. ಅವನ ಹಾಡನ್ನು ಮತ್ತೆ ಹಾಡಿದವನು ಆ ಗಾಯಕನ ನೆರಳಿನ ಹಿಂದೆ ನಿಂತ. ಕೇಳುವವನು ಅಷ್ಟು ದೂರದವರೆಗೆ ನೋಡದಿದ್ದರೆ ಅವನನ್ನು ನೋಡುವವರು ಇನ್ನಾರಿದ್ದಾರೆ? ದನಿ ಯಾರದೆಂದು ಊಹಿಸುವ ನಮ್ಮ ಆಟದ ಬೆಲೆ ಗೆಲ್ಲುವುದರಲ್ಲಿ ಇರಲಿಲ್ಲ. 'ಇಲ್ಲಿ ಯಾರೋ ಇದ್ದಾರೆ' ಎಂದು ಒಪ್ಪಿಕೊಳ್ಳುವುದರಲ್ಲಿ ಇತ್ತು. ನಾನು ಗೆಲ್ಲಲು ಆಡಿದೆ.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. "ಹಾಗಾದ್ರೆ ಅವರ ಹೆಸರೇನು ತಾತ?" ಎಂದು ಕೇಳಿದ. ಹೇಳಿದೆ. ಕ್ಯಾಸೆಟ್ಟಿನ ಡಬ್ಬಿಯಿಂದ ಮಾಸಿದ ಕಾಗದದ ಹೊದಿಕೆಯನ್ನು ಹೊರತೆಗೆದು, ನಾಯಕನಟರ ಚಿತ್ರದ ಕೆಳಗೆ 'ಹಾಡಿದವರು' ಎಂದು ಬಾಲ್ ಪೆನ್ನಿನಿಂದ ಬರೆದು, ಅದರ ಮುಂದೆ ಆ ಹೆಸರನ್ನು ಬರೆದೆ. ಕೈ ಈಗ ಸ್ವಲ್ಪ ನಡುಗುತ್ತದೆ. ಆದರೂ ಅಕ್ಷರ ದುಂಡಗೆ ಬಂತು. ಬಳಿಕ ಚಳ್ಳಕೆರೆಗೆ ಫೋನ್ ಮಾಡಿ, ಇದನ್ನು ಬರೆಯುತ್ತಿದ್ದೇನೆ, ನಿನ್ನ ಹೆಸರು ಹಾಕಲೇ ಎಂದು ಕೇಳಿದೆ. ಅವನು ನಕ್ಕು, "ಈಗ ಯಾಕೆ ಬಿಡಿ ಸಾರ್" ಎಂದ. ಅವನ ಮಾತನ್ನು ಮೀರುವಂತಿಲ್ಲ. ಹಾಗಾಗಿ ಈ ಬರಹದಲ್ಲಿಯೂ ಅವನ ಹೆಸರಿಲ್ಲ.

ಆದರೆ ಅವನ ಜೊತೆ ಓದಿದವರು, ಅವನ ಪಕ್ಕದ ಬೆಂಚಿನಲ್ಲಿ ಕುಳಿತವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಇಷ್ಟು ಓದುವಷ್ಟರಲ್ಲಿ ನೀವು ಆಗಲೇ ಊಹಿಸಿರುತ್ತೀರಿ. ಊಹೆ ಸರಿಯೇ ಎಂದು ನನ್ನನ್ನು ಕೇಳಬೇಡಿ. ಅವನಿಗೇ ಒಂದು ಫೋನ್ ಮಾಡಿ. ಆ ಕಡೆಯಿಂದ 'ಹಲೋ' ಎನ್ನುವ ಮೊದಲು ಸಣ್ಣದೊಂದು ಉಸಿರು ಕೇಳಿಸಿದರೆ, ಅವನೇ.